ವಿದೇಶಿ ಚಾಲಕನಿಂದ ಆದ ಅಪಘಾತ ಮತ್ತು ದಾವಣಗೆರೆಯ ಒಂದು ಕ್ಲೇಮ್ ಕಚೇರಿ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ, ಮೊದಲ ಮಹಡಿಯ ಮಳಿಗೆಯೊಂದರಲ್ಲಿ ನಡೆಯುತ್ತಿರುವ ವಿಮಾ ಏಜೆಂಟರ ಕಚೇರಿಯೊಂದರ ಸೇವೆಯ ಬಗ್ಗೆ ಈ ಬರಹ. ವಾಹನ ವಿಮೆ ಮಾಡಿಸುವುದು ಅವರ ಮೂಲ ಕಸುಬು. ತಮ್ಮಲ್ಲಿ ಪಾಲಿಸಿ ಮಾಡಿಸಿದವರಿಗೆ ಅಪಘಾತವಾದರೆ ಠಾಣೆ, ಗ್ಯಾರೇಜು, ನಷ್ಟ ಅಂದಾಜು ಮಾಡುವ ಸರ್ವೇಯರು ಎಂದು ಓಡಾಡಿ ಕ್ಲೇಮಿನ ಕಾಗದಪತ್ರ ಜೋಡಿಸಿಕೊಡುವುದನ್ನೂ ಅವರು ಮಾಡುತ್ತಾರೆ. ಇಂಥ ಕಚೇರಿಗಳಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಆದರೆ ನಮ್ಮ ಪ್ರಕರಣದಲ್ಲಿ ಎದುರಿನ ಕಾರನ್ನು ಓಡಿಸುತ್ತಿದ್ದವರು ಹಂಪಿ ನೋಡಲು ಫ್ರಾನ್ಸಿನಿಂದ ಬಂದಿದ್ದ ಪ್ರವಾಸಿಯಾಗಿದ್ದುದರಿಂದ, ಸಾಮಾನ್ಯ ಕ್ಲೇಮಿನಲ್ಲಿ ಬೆಳಕಿಗೆ ಬಾರದ ಅವರ ಗುಣಗಳೂ ಕೊರತೆಗಳೂ ನಮಗೆ ಕಾಣಿಸಿದವು. ಹೊಗಳುವುದಕ್ಕೂ ದೂರುವುದಕ್ಕೂ ವಿಷಯವಿರುವಾಗ ಹೆಸರು ಹಾಕದೆ ಬರೆಯುವುದು ನ್ಯಾಯವೆಂದು ಕಚೇರಿಯ ಹೆಸರನ್ನು ಕೈಬಿಟ್ಟಿದ್ದೇನೆ. ಒಟ್ಟು ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಅಪಘಾತದ ಮೊದಲ ದಿನದ ಮಟ್ಟಿಗೆ ಇವರಿಗಿಂತ ಒಳ್ಳೆಯ ನೆರವು ನಮಗೆ ಸಿಗುತ್ತಿರಲಿಲ್ಲ. ಗಾಯದ ಪರಿಹಾರದ ಮಾತು ಬಂದ ಕಡೆಯಿಂದ ಮುಂದಕ್ಕೆ ಇವರನ್ನು ನೆಚ್ಚಿ ಕೂರುವಂತಿಲ್ಲ.

ಅಪಘಾತವಾದದ್ದು ಚಿತ್ರದುರ್ಗದಿಂದ ಹೊಸಪೇಟೆಯ ಕಡೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ. ಪೆಟ್ರೋಲ್ ಬಂಕಿನಿಂದ ಹೊರಬಂದ ಬಾಡಿಗೆ ಕಾರು ರಸ್ತೆಯ ಎಡಬದಿಯನ್ನು ಹಿಡಿಯುವ ಬದಲು ನೇರವಾಗಿ ಬಲಬದಿಗೆ ಬಂದು ನಮ್ಮ ಕಾರಿನ ಮುಂಭಾಗಕ್ಕೆ ಗುದ್ದಿತು. ವೇಗ ಹೆಚ್ಚಿರಲಿಲ್ಲ, ಕುಡಿತದ ಸುಳಿವೂ ಇರಲಿಲ್ಲ. ಬಲಬದಿಯ ಸಂಚಾರವಿರುವ ದೇಶಗಳಿಂದ ಬಂದವರು ವಾಹನಗಳು ತುಂಬಿರುವ ರಸ್ತೆಯಲ್ಲಿ ಮುಂದಿನವರನ್ನು ಹಿಂಬಾಲಿಸಿಕೊಂಡು ಸರಿಯಾಗಿಯೇ ಓಡಿಸುತ್ತಾರೆ. ನಿಂತ ಕಾರನ್ನು ಮತ್ತೆ ಹೊರಡಿಸಿ ಖಾಲಿ ರಸ್ತೆಗೆ ಮೊದಲ ತಿರುವು ತೆಗೆದುಕೊಳ್ಳುವಾಗ ಮಾತ್ರ ಕೈ ತನ್ನ ಹಳೆಯ ರೂಢಿಯ ಕಡೆಗೆ ತಿರುಗುತ್ತದೆ. ಬಂಕು, ಢಾಬಾ, ಟೋಲ್ ದಾಟಿದ ಮೇಲಿನ ವಿಶ್ರಾಂತಿ ತಾಣ, ಇವುಗಳ ಬಾಗಿಲುಗಳೇ ಅಪಾಯದ ಜಾಗಗಳು. ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದ ಅತ್ತೆಯವರ ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಉಳಿದವರಿಗೆ ತರಚು ಗಾಯಗಳಷ್ಟೇ.

ಹತ್ತು ನಿಮಿಷದೊಳಗೆ ಸೇರಿದ ಜನರ ಒಕ್ಕೊರಲಿನ ಸಲಹೆ ಒಂದೇ ಆಗಿತ್ತು: “ಫಾರಿನ್ನೋರು ಸರ್, ನಾಳೆ ವಿಮಾನ ಹತ್ತಿ ಹೋಗ್ತಾರೆ, ಈಗ್ಲೇ ದುಡ್ಡು ಇಸ್ಕೊಂಡು ಮುಗಿಸ್ರಿ.” ಉತ್ಸಾಹಿ ಯುವಕನೊಬ್ಬ ಆಗಲೇ ಆ ಪ್ರವಾಸಿಯ ಪಾಸ್‌ಪೋರ್ಟನ್ನು ತನ್ನ ಅಂಗಿಯ ಜೇಬಿಗೆ ಇಳಿಸಿದ್ದ. ಆ ಹೊತ್ತಿನಲ್ಲಿ ಏಜೆಂಟರಿಗೆ ಫೋನು ಮಾಡಿದೆ. ಅವರು ಮೊದಲು ಕೇಳಿದ್ದು ಅತ್ತೆಯವರನ್ನು ಆಸ್ಪತ್ರೆಗೆ ಕಳುಹಿಸಲು 108ಕ್ಕೆ ಕರೆ ಹೋಗಿದೆಯೇ, ಪೊಲೀಸರಿಗೆ 112ರಲ್ಲಿ ತಿಳಿಸಿದ್ದೀರಾ ಎಂಬುದನ್ನು. ಎರಡನೆಯದಾಗಿ ಹೇಳಿದ್ದು: “ಪಾಸ್‌ಪೋರ್ಟ್ ವಾಪಸ್ ಕೊಡ್ಸಿ ಸರ್, ಫೋಟೊ ಹೊಡ್ಕೊಂಡ್ರೆ ಸಾಕು. ಆಸಾಮೀನ ಬಿಡಿ, ಗಾಡಿ ಹಿಡೀರಿ. ಬೋರ್ಡ್ ಕರೀದಾ, ಬಿಳೀದಾ?”

ಇವರ ಸೇವೆಯ ಬೆಲೆ ಇಡೀ ಈ ಒಂದು ಮಾತಿನಲ್ಲಿದೆಯೆಂದು ಈಗಲೂ ಅನ್ನಿಸುತ್ತದೆ. ವಿದೇಶಿ ಚಾಲಕ ಎಂದ ಕೂಡಲೇ ನಮ್ಮ ಗಮನವೆಲ್ಲ ಆ ವ್ಯಕ್ತಿಯ ಮೇಲೆ ಹೋಗುತ್ತದೆ. ಅವನು ಓಡಿಹೋದರೆ ಪರಿಹಾರವೂ ಹೋಯಿತೆಂದು ಭಯವಾಗುತ್ತದೆ. ನಮ್ಮ ದೇಶದ ಕಾನೂನಿನಲ್ಲಿ ಮೂರನೇ ವ್ಯಕ್ತಿಯ ವಿಮೆ, ಅಂದರೆ ವಾಹನದಿಂದ ಇತರರಿಗಾದ ಹಾನಿಯನ್ನು ಭರಿಸುವ ವಿಮೆ, ವಾಹನಕ್ಕೆ ಅಂಟಿಕೊಂಡಿರುತ್ತದೆಯೇ ಹೊರತು ಚಾಲಕನ ರಾಷ್ಟ್ರೀಯತೆಗೆ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಪ್ರಕರಣದಂತೆ ಸಾರ್ವಜನಿಕ ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಆ ವಿಮೆ ಇರಲೇಬೇಕು. ನಮಗೆ ಗುದ್ದಿದ ಕಾರು ಬೆಂಗಳೂರಿನಲ್ಲಿ ನೋಂದಣಿಯಾದದ್ದು, ಅದರ ಮಾಲೀಕರು ಬಾಡಿಗೆ ಸಂಸ್ಥೆಯವರು, ವಿಮೆ ಇಳಿಸಿರುವುದು ಭಾರತದ ಕಂಪನಿ. ಚಾಲಕ ನಾಳೆ ಪ್ಯಾರಿಸಿಗೆ ಹೋದರೂ ಈ ಮೂರರಲ್ಲಿ ಯಾವುದೂ ವಿಮಾನ ಹತ್ತುವುದಿಲ್ಲ.

ಬೋರ್ಡಿನ ಬಣ್ಣ ಕೇಳಿದ್ದಕ್ಕೂ ಅಷ್ಟೇ ಅರ್ಥವಿತ್ತು. ಚಾಲಕನಿಲ್ಲದೆ ಬಾಡಿಗೆಗೆ ಕೊಡಲು ಪರವಾನಗಿ ಪಡೆದ ಕಾರಿನ ಸಂಖ್ಯಾಫಲಕ ಕಪ್ಪು, ಅಕ್ಷರ ಹಳದಿ. ಅಂಥ ಕಾರಿನ ಪಾಲಿಸಿ ಬಾಡಿಗೆ ಬಳಕೆಗೆಂದೇ ಮಾಡಿಸಿದ್ದಾಗಿರುತ್ತದೆ. ಸ್ನೇಹಿತರ ಮುಖಾಂತರವೋ ವಸತಿಗೃಹದವರ ಮುಖಾಂತರವೋ ಬಿಳಿ ಬೋರ್ಡಿನ ಖಾಸಗಿ ಕಾರನ್ನು ಪ್ರವಾಸಿಗರಿಗೆ ಗುಟ್ಟಾಗಿ ಬಾಡಿಗೆಗೆ ಕೊಟ್ಟಿದ್ದರೆ, ಖಾಸಗಿ ಬಳಕೆಯ ಷರತ್ತು ಮುರಿದಿದೆಯೆಂದು ವಿಮಾ ಕಂಪನಿ ತಗಾದೆ ತೆಗೆಯಲು ದಾರಿಯಾಗುತ್ತದೆ. ನಮ್ಮದು ಕಪ್ಪು ಬೋರ್ಡು ಎಂದು ತಿಳಿದ ಮೇಲೆ ಏಜೆಂಟರ ದನಿಯೇ ಹಗುರವಾಯಿತು. ನಾನು ಕಳುಹಿಸಿದ ಸಂಖ್ಯೆಯನ್ನು ಅವರು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ, ವಿಮೆಯ ಅವಧಿ, ಕಂಪನಿ, ಫಿಟ್‌ನೆಸ್ ದಿನಾಂಕಗಳನ್ನು ಪೊಲೀಸರು ಸ್ಥಳಕ್ಕೆ ಬರುವ ಮೊದಲೇ ನನಗೆ ಮರಳಿ ಕಳುಹಿಸಿದ್ದರು.

ನಗದು ಇಸಿದುಕೊಳ್ಳುವ ಸಲಹೆಯನ್ನು ಅವರು ಏಕೆ ಬೇಡವೆಂದರೆಂಬುದನ್ನು ಸಂಜೆ ಬಿಡಿಸಿ ಹೇಳಿದರು. ನಮ್ಮಲ್ಲಿ ಚಾಲ್ತಿಯಲ್ಲಿರುವ ಮೋಟಾರು ಪಾಲಿಸಿಗಳ ಷರತ್ತಿನ ಪ್ರಕಾರ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮೆ ಪಡೆದವರ ಪರವಾಗಿ ಯಾರೂ ತಪ್ಪೊಪ್ಪಿಕೊಳ್ಳುವಂತಿಲ್ಲ, ಹಣ ಕೊಡುವ ಮಾತಾಡುವಂತಿಲ್ಲ, ಕೊಡುವಂತೆಯೂ ಇಲ್ಲ. “ತಪ್ಪು ನನ್ನದೇ” ಎಂದು ಬರೆದುಕೊಡಲು ಆ ಪ್ರವಾಸಿ ಒಪ್ಪದಿದ್ದಾಗ ಸುತ್ತಲಿನವರು ಅದನ್ನು ಸೊಕ್ಕೆಂದು ತಿಳಿದರು; ಅವರು ಮಾಡಿದ್ದು ಪಾಲಿಸಿಯ ದೃಷ್ಟಿಯಿಂದ ಸರಿಯಾದದ್ದೇ. ಮೂಳೆ ಮುರಿದಿರುವಾಗ ನಾಲ್ಕು ನೋಟು ಪಡೆದು ಪ್ರಕರಣ ದಾಖಲಿಸದೆ ಮನೆಗೆ ಬಂದರೆ, ಆಮೇಲೆ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದ ದಿನ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಆ ಪ್ರವಾಸಿ ತಮ್ಮ ಚೀಲದಿಂದ ತೆಗೆದ ಕಾಗದಗಳ ವಿಷಯವನ್ನು ಸ್ವಲ್ಪ ಹೇಳಬೇಕು. ಒಂದು, ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್. 1949ರ ಜಿನೀವಾ ಒಪ್ಪಂದದ ನಮೂನೆಯ ಬೂದು ರಟ್ಟಿನ ಕಿರುಪುಸ್ತಿಕೆ. ಒಳಗೆ ಒಂದೇ ವಿವರ ಹಲವು ಭಾಷೆಗಳಲ್ಲಿ, ಕೊನೆಯ ಮಡಿಕೆಯ ಪುಟದಲ್ಲಿ ಎ ಯಿಂದ ಇ ವರೆಗಿನ ವಾಹನ ವರ್ಗಗಳು, ಅವುಗಳಲ್ಲಿ ಕಾರಿಗೆ ಸಂಬಂಧಿಸಿದ ಬಿ ವರ್ಗದ ಎದುರಿಗೆ ಮಾತ್ರ ಮೊಹರು. ಠಾಣೆಯ ಎಎಸ್ಐ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಲೈಸೆನ್ಸೋ ಮತ್ತೊಂದು ಪಾಸ್‌ಪೋರ್ಟೋ ಎಂದು ಕೇಳಿದಾಗ, ಚಿತ್ರದುರ್ಗಕ್ಕೆ ಅಷ್ಟರಲ್ಲಿ ಬಂದು ಮುಟ್ಟಿದ್ದ ಏಜೆಂಟರ ಸಹಾಯಕ ನೋಡಬೇಕಾದ ಮೂರು ಅಂಶಗಳನ್ನು ತೋರಿಸಿಕೊಟ್ಟರು: ಕೊಟ್ಟ ದಿನಾಂಕದಿಂದ ಒಂದು ವರ್ಷ ಮೀರಿಲ್ಲವೆಂಬುದು, ಬಿ ಎದುರಿನ ಮೊಹರು, ಮತ್ತು ಜೊತೆಯಲ್ಲಿ ಅವರ ದೇಶದ ಮೂಲ ಲೈಸೆನ್ಸ್ ಇರುವುದು. ಮೂಲ ಲೈಸೆನ್ಸ್ ಇಲ್ಲದೆ ಪರ್ಮಿಟ್ ಒಂದಕ್ಕೇ ಬೆಲೆಯಿಲ್ಲ. ಕೇವಲ ಬೈಕಿನ ಎ ವರ್ಗಕ್ಕೆ ಮೊಹರಿದ್ದು ಕಾರು ಓಡಿಸುತ್ತಿದ್ದರೆ, ಅಥವಾ ಕಾರಿಗಷ್ಟೇ ಮೊಹರಿದ್ದು ಬಾಡಿಗೆ ಬುಲೆಟ್ ಓಡಿಸುತ್ತಿದ್ದರೆ, ಲೈಸೆನ್ಸ್ ಇಲ್ಲದ ಚಾಲನೆಯೆಂದು ವಿಮಾ ಕಂಪನಿ ವಾದ ಹೂಡುತ್ತದೆ. ಹಾಗೆ ವಾದ ಹೂಡಿದರೂ ಗಾಯಗೊಂಡವರು ಕೈಚೆಲ್ಲಬೇಕಾಗಿಲ್ಲ; 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿವರಿಸಿದ ನಿಯಮದಂತೆ, ಕಂಪನಿಯು ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು ಬಳಿಕ ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ಮೋಟಾರು ಅಪಘಾತ ಕ್ಲೇಮ್ ನ್ಯಾಯಮಂಡಳಿ ಆದೇಶಿಸಬಹುದು.

ಇನ್ನೊಂದು ಕಾಗದ, ಫ್ರಾನ್ಸಿನವರು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳುವ ಜಂಟಿ ಅಪಘಾತ ಹೇಳಿಕೆಯ ನಮೂನೆ. ಯೂರೋಪಿನಲ್ಲಿ ಸಣ್ಣ ಅಪಘಾತವಾದರೆ ಇಬ್ಬರು ಚಾಲಕರೂ ರಸ್ತೆಬದಿಯಲ್ಲೇ ನಿಂತು ಅದನ್ನು ತುಂಬುತ್ತಾರೆ: ಎಡಕ್ಕೆ ಒಬ್ಬರ ವಿವರ, ಬಲಕ್ಕೆ ಇನ್ನೊಬ್ಬರದು, ನಡುವೆ ಗುರುತು ಹಾಕಬೇಕಾದ ಸಂದರ್ಭಗಳ ಪಟ್ಟಿ, ಕೆಳಗೆ ರಸ್ತೆಯ ನಕ್ಷೆ ಬಿಡಿಸಲು ಜಾಗ. ಅದು ತಪ್ಪೊಪ್ಪಿಗೆಯಲ್ಲ, ನಡೆದ ಸಂಗತಿಯ ದಾಖಲೆ ಮಾತ್ರ. ಗಾಬರಿಯಲ್ಲೂ ಆ ಮನುಷ್ಯ ಅಂಥದೇ ನಕ್ಷೆಯನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಬಂಕಿನ ದ್ವಾರ, ಎರಡು ಕಾರುಗಳ ದಿಕ್ಕು, ಗುದ್ದಿದ ಬಿಂದು ಎಲ್ಲವನ್ನೂ ಬಾಣದ ಗುರುತಿನಲ್ಲಿ ತೋರಿಸಿ, ಕೆಳಗೆ ಸಹಿ ಹಾಕಿ ನನ್ನ ಸಹಿಗೂ ಪೆನ್ನು ಕೊಟ್ಟರು. ನಮ್ಮಲ್ಲಿ ಅದಕ್ಕೆ ಕಾನೂನಿನ ನಮೂನೆಯ ಸ್ಥಾನವಿಲ್ಲವೆಂದು ಗೊತ್ತಿದ್ದೂ ಏಜೆಂಟರ ಸಹಾಯಕ ಅದನ್ನು ಬಿಸಾಡಲಿಲ್ಲ. ನಕಲು ತೆಗೆದು ಕ್ಲೇಮ್ ಅರ್ಜಿಗೆ ಲಗತ್ತಿಸಿದರು. ಮುಂದೆ ಸರ್ವೇಯರು ಹೆಚ್ಚು ಹೊತ್ತು ನೋಡಿದ್ದು ಆ ಹಾಳೆಯನ್ನೇ.

ಗಡಿ ದಾಟಿ ಬರುವ ವಾಹನಗಳ ಅಪಘಾತಕ್ಕೆ ಯೂರೋಪು 1949ರಿಂದಲೇ ಹಸಿರು ಕಾರ್ಡಿನ ವ್ಯವಸ್ಥೆ ಮಾಡಿಕೊಂಡಿದೆ. ಪರದೇಶದ ಕಾರು ಗುದ್ದಿದರೂ ಸಂತ್ರಸ್ತರು ತಮ್ಮ ದೇಶದ ವಿಮಾ ಬ್ಯೂರೋದ ಮುಂದೆ ತಮ್ಮ ಭಾಷೆಯಲ್ಲೇ ಪರಿಹಾರ ಕೇಳಬಹುದು. ಬ್ರಿಟನ್ನಿನಲ್ಲಿ ಆ ಕೆಲಸವನ್ನು 1946ರಲ್ಲಿ ಸ್ಥಾಪನೆಯಾದ ಮೋಟಾರ್ ಇನ್ಶೂರರ್ಸ್ ಬ್ಯೂರೋ ನೋಡಿಕೊಳ್ಳುತ್ತದೆ. ನಾವು ಆ ಒಕ್ಕೂಟದಲ್ಲಿಲ್ಲ. ಬಾಡಿಗೆ ಕಾರಿನ ಪ್ರಸಂಗದಲ್ಲಿ ಅದರ ಅಗತ್ಯವೂ ಬೀಳಲಿಲ್ಲ, ಆದರೆ ತಮ್ಮದೇ ದೇಶದ ನೋಂದಣಿಯ ಕ್ಯಾಂಪರ್ ವ್ಯಾನು ತೆಗೆದುಕೊಂಡು ನೆಲಮಾರ್ಗವಾಗಿ ಹಂಪಿಯವರೆಗೂ ಬರುವವರಿದ್ದಾರೆ. ಅಂಥ ವಾಹನ ಗುದ್ದಿದರೆ ಏನು ಮಾಡಬೇಕೆಂದು ಕುತೂಹಲಕ್ಕೆ ಕೇಳಿದಾಗ ನಮ್ಮ ಏಜೆಂಟರು ತಡವರಿಸಿದರು. ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಇದಕ್ಕೆಂದೇ ನಿಯಮಗಳನ್ನು ಹೊರಡಿಸಿದೆ: ವಿದೇಶದಲ್ಲಿ ನೋಂದಣಿಯಾದ ಖಾಸಗಿ ವಾಹನದಲ್ಲಿ ನೋಂದಣಿ ಪತ್ರ, ಲೈಸೆನ್ಸ್ ಅಥವಾ ಅಂತರರಾಷ್ಟ್ರೀಯ ಪರ್ಮಿಟ್, ಚಾಲ್ತಿಯಲ್ಲಿರುವ ವಿಮೆ ಇವು ಇರಲೇಬೇಕು, ಕಾಗದಗಳು ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅವನ್ನು ಕೊಟ್ಟ ಅಧಿಕಾರಿಯೇ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಜೊತೆಗಿರಬೇಕು. ಹೆದ್ದಾರಿ 48 ಮತ್ತು 50 ಕೂಡುವ ಜಿಲ್ಲೆಯ ಪಕ್ಕದಲ್ಲೇ ವಾಹನ ವಿಮೆಯ ವ್ಯವಹಾರ ಮಾಡುವವರಿಗೆ ಇಷ್ಟು ತಿಳಿದಿರಬೇಕಿತ್ತು. ದೂತಾವಾಸಗಳ ನೀಲಿ ಬೋರ್ಡಿನ ಕಾರುಗಳದು ರಾಜತಾಂತ್ರಿಕ ರಕ್ಷಣೆಯ ಬೇರೆಯದೇ ಪುರಾಣ. ಅವು ನಮ್ಮ ಕಡೆಗೆ ಸುಳಿಯುವುದು ಅಪರೂಪ.

ಠಾಣೆಯಲ್ಲಿ ಈ ಕಚೇರಿ ಮಾಡಿಕೊಟ್ಟ ಕೆಲಸಕ್ಕೆ ಮಾತ್ರ ಪೂರ್ಣ ಅಂಕ ಕೊಡುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ ಅಜಾಗರೂಕ ಚಾಲನೆಯ 281ನೇ ಕಲಮು ಮತ್ತು ಗಾಯಕ್ಕೆ ಸಂಬಂಧಿಸಿದ 125ನೇ ಕಲಮಿನಡಿ ಪ್ರಕರಣ ದಾಖಲಾಯಿತು. ಅದು ಎಲ್ಲ ಅಪಘಾತಗಳಲ್ಲೂ ಆಗುವುದೇ. ವಿದೇಶಿ ಚಾಲಕನ ವಿಷಯದಲ್ಲಿ ಗಡಿಬಿಡಿ ಮಾಡಬೇಕಾದ ಜಾಗ ಬೇರೆ ಇದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಕೇಂದ್ರ ನಿಯಮಗಳಂತೆ ತನಿಖಾಧಿಕಾರಿಯು 48 ಗಂಟೆಯೊಳಗೆ ನಮೂನೆ 1ರಲ್ಲಿ ಅಪಘಾತದ ಮೊದಲ ವರದಿಯನ್ನು ಕ್ಲೇಮ್ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳುಹಿಸಬೇಕು. ಚಾಲಕನು ನಮೂನೆ 3ರಲ್ಲೂ ಮಾಲೀಕನು ನಮೂನೆ 4ರಲ್ಲೂ 30 ದಿನದೊಳಗೆ ವಿವರ ಕೊಡಬೇಕು. ವಿಸ್ತೃತ ವರದಿ 90 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಊರಿನ ಚಾಲಕನಾದರೆ 30 ದಿನ ಕಾಯಬಹುದು. ವಾರದೊಳಗೆ ದೇಶ ಬಿಡುವವನ ನಮೂನೆ 3ನ್ನು ಅವನು ಎದುರಿಗಿರುವಾಗಲೇ ತುಂಬಿಸಿಕೊಳ್ಳದಿದ್ದರೆ ಆಮೇಲೆ ಈಮೇಲ್ ಕಳುಹಿಸುತ್ತಾ ಕೂರಬೇಕಾಗುತ್ತದೆ. ಏಜೆಂಟರ ಸಹಾಯಕ ಖಾಲಿ ನಮೂನೆಯನ್ನು ಮುದ್ರಿಸಿಕೊಂಡೇ ಬಂದಿದ್ದರು. ಹೇಳಿಕೆ ಕನ್ನಡದಲ್ಲಿ ಬರೆದದ್ದಾಗಿತ್ತು. ಅದನ್ನು ಚಾಲಕನಿಗೆ ಇಂಗ್ಲಿಷಿನಲ್ಲಿ ಓದಿ ತಿಳಿಸಿದ್ದೇವೆಂಬ ಸಾಲು ಸೇರಿಸಿ, ಓದಿ ತಿಳಿಸಿದವರ ಸಹಿಯನ್ನೂ ಹಾಕಿಸುವಂತೆ ಅವರು ವಿನಂತಿಸಿದರು. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡರು ಎಂಬ ಆಕ್ಷೇಪ ಮುಂದೆ ಏಳಬಾರದೆಂಬುದು ಅವರ ಮುಂದಾಲೋಚನೆ. ಚಾಲಕನ ವಸತಿಗೃಹದ ವಿಳಾಸ, ಮರಳುವ ದಿನಾಂಕ, ಅವರ ದೇಶದ ಶಾಶ್ವತ ವಿಳಾಸ ಮತ್ತು ಈಮೇಲ್ ಕೂಡ ಅದೇ ಸಂಜೆ ದಾಖಲಾದವು. ವಿದೇಶಿ ಅತಿಥಿಗಳ ವಿವರವನ್ನು ವಸತಿಗೃಹದವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸುವುದು ಕಡ್ಡಾಯವಾದ್ದರಿಂದ, ಹೊಸಪೇಟೆಯಲ್ಲಿ ಅವರು ಉಳಿದಿದ್ದ ಜಾಗವನ್ನು ಪೊಲೀಸರು ತಾಳೆ ನೋಡುವುದೂ ಸುಲಭವಾಯಿತು.

ಬಾಡಿಗೆ ಸಂಸ್ಥೆಯ ಸಹಾಯವಾಣಿಯ ಬಗ್ಗೆ ಎರಡೇ ಮಾತು. ಚಾಲಕ ಕಟ್ಟಿದ್ದ ಭದ್ರತಾ ಠೇವಣಿ, ತಮ್ಮ ಕಾರನ್ನು ಎಳೆದೊಯ್ಯುವ ಟೋಯಿಂಗ್ ವಾಹನ ಇವೆರಡರ ಹೊರತು ಬೇರೇನನ್ನೂ ಅವರು ಮಾತಾಡಲಿಲ್ಲ. ಎದುರಿನವರ ನಷ್ಟವನ್ನು “ಗ್ರಾಹಕರ ಜೊತೆಯೇ ಬಗೆಹರಿಸಿಕೊಳ್ಳಿ” ಎಂದರು. ವಾಹನದ ಮಾಲೀಕರೇ ಹೀಗೆನ್ನುವುದು ಕಾನೂನಿನ ಎದುರು ನಿಲ್ಲುವ ಮಾತಲ್ಲ. ನಮ್ಮ ಏಜೆಂಟರು ವಾದಕ್ಕಿಳಿಯದೆ, ನಮೂನೆ 4 ತುಂಬಬೇಕಾದವರು ನೀವೇ ಎಂದು ಒಂದು ಈಮೇಲ್ ಬರೆದು, ಪಾಲಿಸಿ ಪ್ರತಿಯನ್ನು ತರಿಸಿಕೊಂಡರು.

ಇನ್ನು ಕಾರಿನ ರಿಪೇರಿ. ಎದುರಿನ ಕಾರಿನ ಮೂರನೇ ವ್ಯಕ್ತಿ ವಿಮೆಯಿಂದ ನಮ್ಮ ಕಾರಿನ ನಷ್ಟವನ್ನು ಕೇಳಬಹುದು, ಆದರೆ ಅದಕ್ಕೂ ನ್ಯಾಯಮಂಡಳಿಯ ಮೆಟ್ಟಿಲನ್ನೇ ಹತ್ತಬೇಕು. ಹೀಗಾಗಿ ನಮ್ಮವರೆಲ್ಲ ತಮ್ಮದೇ ಸಮಗ್ರ ಪಾಲಿಸಿಯಿಂದ ಓನ್ ಡ್ಯಾಮೇಜ್ ಕ್ಲೇಮ್ ಮಾಡಿಕೊಳ್ಳುತ್ತಾರೆ. ಏಜೆಂಟರೂ ಅದನ್ನೇ ಸೂಚಿಸಿ, ದಾವಣಗೆರೆಯಲ್ಲಿ ನಮ್ಮ ಕಂಪನಿಯ ನಗದುರಹಿತ (ಬಿಲ್ಲನ್ನು ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಕಟ್ಟುವ) ಪಟ್ಟಿಯಲ್ಲಿದ್ದ ಗ್ಯಾರೇಜಿಗೆ ಕಾರನ್ನು ತರಿಸಿದರು. ಸರ್ವೇಯರು ಬಂದ ದಿನ ಅವರ ಸಹಾಯಕ ಪಕ್ಕದಲ್ಲೇ ನಿಂತಿದ್ದುದು ಉಪಯೋಗಕ್ಕೆ ಬಂತು. ಬಲಗಡೆಯ ಹೆಡ್‌ಲೈಟಿನ ಗಾಜು ಹೊರನೋಟಕ್ಕೆ ಸರಿಯಿದ್ದುದರಿಂದ ಅದನ್ನು ಪಟ್ಟಿಗೆ ಸೇರಿಸದೆ ಮುಂದೆ ಹೋಗುತ್ತಿದ್ದ ಸರ್ವೇಯರನ್ನು ನಿಲ್ಲಿಸಿ, ಬಾನೆಟ್ ಎತ್ತಿಸಿ, ಹೆಡ್‌ಲೈಟನ್ನು ಹಿಡಿದಿಡುವ ಮೂರು ಪ್ಲಾಸ್ಟಿಕ್ ಕಿವಿಗಳಲ್ಲಿ ಎರಡು ಮುರಿದು ಇಡೀ ಘಟಕ ಕೈಗೆ ಅಲುಗಾಡುವುದನ್ನು ತೋರಿಸಿದರು. ಸರ್ವೇಯರು ಬೆರಳಿನಿಂದ ಅದನ್ನು ಒಮ್ಮೆ ಅಲ್ಲಾಡಿಸಿ, ಮುರಿದ ಅಂಚು ಹೊಸದಾಗಿ ಬಿಳಿಚಿಕೊಂಡಿರುವುದನ್ನು ಟಾರ್ಚ್ ಬಿಟ್ಟು ನೋಡಿ, ಪಟ್ಟಿಗೆ ಸೇರಿಸಿಕೊಂಡರು. ರೇಡಿಯೇಟರಿನ ಮುಂದಿನ ಅಡ್ಡಪಟ್ಟಿ ಬಾಗಿದ್ದು ಗೊತ್ತಾದದ್ದೂ ಬಂಪರನ್ನು ಬಿಚ್ಚಿದ ಮೇಲೆಯೇ. ಬಿಚ್ಚುವ ಮೊದಲು ತೆಗೆದ ಅಂದಾಜಿಗೆ ಸಹಿ ಹಾಕಬೇಡಿರೆಂದು ಇವರು ಮುಂಚೆಯೇ ಹೇಳಿದ್ದರು.

ಲೆಕ್ಕದ ವಿಷಯದಲ್ಲಿ ಮಾತ್ರ ಇವರ ಬಾಯಿಂದ ಅರ್ಧ ಮಾತು ಹೊರಡುತ್ತದೆ. ನಗದುರಹಿತ ಎಂದರೆ ಬಿಲ್ಲೇ ಇಲ್ಲವೆಂಬ ಭಾವನೆ ಬರುವ ಹಾಗೆ ಮಾತಾಡಿದರು. ಶೂನ್ಯ ಸವಕಳಿಯ (ಭಾಗಗಳ ಹಳತನಕ್ಕೆ ಬೆಲೆ ಕಳೆಯದ) ಹೆಚ್ಚುವರಿ ರಕ್ಷಣೆ ಇಲ್ಲದ ಪಾಲಿಸಿಯಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. ನಾಲ್ಕನೇ ವರ್ಷದಲ್ಲಿರುವ ಕಾರಿನ ಲೋಹದ ಭಾಗಗಳಿಗೆ ಶೇ 25. ಗಾಜಿಗೆ ಏನೂ ಕಳೆಯುವುದಿಲ್ಲ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1000 ರೂಪಾಯಿಯನ್ನು ನಾವೇ ಭರಿಸಬೇಕು. ಈಗಿನ ಕಾರುಗಳ ಮುಂಭಾಗವೆಲ್ಲ ಪ್ಲಾಸ್ಟಿಕ್ಕೇ ಆಗಿರುವುದರಿಂದ ನಮ್ಮ ಪಾಲಿನ ಮೊತ್ತ ಸಣ್ಣದೇನಲ್ಲ. ಅದಕ್ಕಿಂತ ಮುಖ್ಯವಾದದ್ದು ನೋ ಕ್ಲೇಮ್ ಬೋನಸ್. ಕ್ಲೇಮಿಲ್ಲದ ಮೂರು ವರ್ಷಗಳ ಮೇಲೆ ನಮಗೆ ಶೇ 35ರ ರಿಯಾಯಿತಿ ಸಿಗುತ್ತಿತ್ತು. ತಪ್ಪು ಸಂಪೂರ್ಣ ಎದುರಿನವರದೇ ಆಗಿದ್ದರೂ ನಮ್ಮ ಪಾಲಿಸಿಯಿಂದ ಕ್ಲೇಮ್ ಮಾಡಿದ ತಕ್ಷಣ ಅದು ಸೊನ್ನೆಗಿಳಿಯುತ್ತದೆ, ಮತ್ತೆ ಶೇ 20ರಿಂದ ಹತ್ತಬೇಕು. ನಮ್ಮ ನಷ್ಟ ದೊಡ್ಡದಾಗಿದ್ದರಿಂದ ಕ್ಲೇಮ್ ಮಾಡುವುದೇ ಲಾಭವಾಗಿತ್ತು, ನಿಜ. ಆದರೂ ಸಹಿ ಹಾಕಿಸಿಕೊಳ್ಳುವ ಮೊದಲು ಈ ಲೆಕ್ಕವನ್ನು ಗ್ರಾಹಕರ ಮುಂದೆ ಇಡುವುದು ಏಜೆಂಟರ ಕರ್ತವ್ಯ. ನವೀಕರಣದ ನೋಟಿಸು ಬಂದ ಮೇಲೆ ವಿಚಾರಿಸಿದಾಗ “ಅದು ಹಂಗೇ ಸರ್, ಎಲ್ಲಾರ್ಗೂ ಹೋಗುತ್ತೆ” ಎಂದು ನಕ್ಕರು. ಎಲ್ಲರಿಗೂ ಹೋಗುವುದಾದರೆ ಎಲ್ಲರಿಗೂ ಹೇಳಬೇಕಾದದ್ದೂ ಆಯಿತಲ್ಲ.

ಗಾಯದ ಪರಿಹಾರದಲ್ಲಿ ಕಚೇರಿಯ ಕೈ ಇನ್ನೂ ಸೋತಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ಸಿಗುತ್ತದೆ. ಅದಕ್ಕೆ ಗಾಯಾಳು ಯಾರು, ಗುದ್ದಿದವರು ಯಾವ ದೇಶದವರು ಎಂಬ ಭೇದವಿಲ್ಲ. ಕಚೇರಿಯವರು ಅದರ ಮಾತನ್ನೇ ಎತ್ತಲಿಲ್ಲ. ಪರಿಹಾರದ ಅರ್ಜಿಯ ವಿಷಯದಲ್ಲೂ “ಲಾಯರ್ ಹತ್ರ ಕಳಿಸ್ತೀನಿ” ಎಂದು ತಮಗೆ ಪರಿಚಯದ ಒಬ್ಬರ ಸಂಖ್ಯೆ ಕೊಟ್ಟರು. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂಬ ಮಾತಿನಿಂದಲೇ ಆ ವಕೀಲರು ಆರಂಭಿಸಿದ್ದರಿಂದ ನಾವು ಬೇರೆಯವರನ್ನು ಹುಡುಕಿಕೊಂಡೆವು. ವಕೀಲರು ಗೆದ್ದ ಹಣದಲ್ಲಿ ಪಾಲು ಕೇಳುವುದು ವೃತ್ತಿ ನಿಯಮಗಳಿಗೆ ವಿರುದ್ಧ.

ನಾವು ಹುಡುಕಿಕೊಂಡ ಹಿರಿಯ ವಕೀಲರು ದಾವಣಗೆರೆಯ ನ್ಯಾಯಾಲಯ ಸಂಕೀರ್ಣದಲ್ಲಿ ಅರ್ಧ ಗಂಟೆಯೊಳಗೆ ತಿಳಿಸಿದ ಸಂಗತಿಗಳನ್ನು ಈ ಕಚೇರಿ ಒಂದು ಹಾಳೆಯಲ್ಲಿ ಮುದ್ರಿಸಿ ಗ್ರಾಹಕರಿಗೆ ಕೊಟ್ಟರೂ ದೊಡ್ಡ ಉಪಕಾರವಾಗುತ್ತದೆ. ಅಪಘಾತ ಚಿತ್ರದುರ್ಗ ಜಿಲ್ಲೆಯಲ್ಲಿ ನಡೆದಿದ್ದರೂ, ಬಾಡಿಗೆ ಸಂಸ್ಥೆ ಬೆಂಗಳೂರಿನದಾಗಿದ್ದರೂ, ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಲು ಮೋಟಾರು ವಾಹನ ಕಾಯ್ದೆಯ 166ನೇ ಪ್ರಕರಣ ಅವಕಾಶ ಕೊಡುತ್ತದೆ. ಕೈಗೆ ಪಟ್ಟಿ ಕಟ್ಟಿಕೊಂಡ ಅತ್ತೆಯವರನ್ನು ಪ್ರತಿ ವಾಯಿದೆಗೂ ಬೇರೆ ಜಿಲ್ಲೆಗೆ ಕರೆದೊಯ್ಯಬೇಕಾಗಿಲ್ಲ. 2019ರ ತಿದ್ದುಪಡಿ ಅರ್ಜಿ ಹಾಕಲು ಆರು ತಿಂಗಳ ಗಡುವನ್ನು ಮತ್ತೆ ತಂದಿದೆ, ಆದ್ದರಿಂದ ಪ್ಲಾಸ್ಟರ್ ಬಿಚ್ಚಲಿ, ಫಿಸಿಯೋಥೆರಪಿ ಮುಗಿಯಲಿ ಎಂದು ಕಾಯುವಂತಿಲ್ಲ. ಎದುರಿನವರ ತಪ್ಪನ್ನು ಸಾಬೀತುಪಡಿಸುವ ಗೋಜೇ ಬೇಡವೆಂದರೆ 164ನೇ ಪ್ರಕರಣದಡಿ ಗಂಭೀರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿಯ ನಿಗದಿತ ಪರಿಹಾರವಿದೆ, ಮತ್ತು ಮೂಳೆಮುರಿತ ಕಾನೂನಿನ ಪ್ರಕಾರ ಗಂಭೀರ ಗಾಯವೇ. ಚಾಲಕ ದೇಶ ಬಿಟ್ಟಿರುವಾಗ ಈ ದಾರಿಗೆ ವಿಶೇಷ ಬೆಲೆಯಿದೆ: ಅವನ ಸಾಕ್ಷ್ಯಕ್ಕೆ ಕಾಯುವ ಪ್ರಮೇಯ ಕಡಿಮೆ. ಗಳಿಕೆಯ ನಷ್ಟ, ಶಾಶ್ವತ ಅಂಗವೈಕಲ್ಯ ದೊಡ್ಡದಿದ್ದರೆ 166ನೇ ಪ್ರಕರಣವೇ ಸರಿ. ನಮ್ಮ ಅತ್ತೆಯವರು ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಕೊಡುವವರು. ಮಣಿಕಟ್ಟಿನ ತಿರುಚು ಪೂರ್ತಿ ಮರಳದಿದ್ದರೆ ಲಟ್ಟಣಿಗೆ ಹಿಡಿಯಲಾಗದು. ಆದ್ದರಿಂದ 166ನ್ನೇ ಆರಿಸಿಕೊಂಡೆವು. ಬಾಡಿಗೆ ಸಂಸ್ಥೆ, ಅದರ ವಿಮಾ ಕಂಪನಿ ಮತ್ತು ಚಾಲಕ ಮೂವರೂ ಪ್ರತಿವಾದಿಗಳು. ಮೊದಲ ಸಂಜೆಯೇ ನಮೂನೆ 3ರಲ್ಲಿ ಚಾಲಕನ ವಿಳಾಸವೂ ಈಮೇಲೂ ದಾಖಲಾಗಿದ್ದುದನ್ನು ನೋಡಿ ವಕೀಲರು, ಇದನ್ನು ಮಾಡಿಸಿದವರು ಯಾರೆಂದು ಮೆಚ್ಚುಗೆಯಿಂದ ಕೇಳಿದರು. ಆ ಮೆಚ್ಚುಗೆ ಏಜೆಂಟರ ಕಚೇರಿಗೇ ಸಲ್ಲಬೇಕು.

ಕಚೇರಿಯ ನಡವಳಿಕೆಯ ಬಗ್ಗೆ ಒಂದಿಷ್ಟು. ಅವರಲ್ಲಿ ಪಾಲಿಸಿ ಮಾಡಿಸಿದವರಿಂದ ಕ್ಲೇಮ್ ಕೆಲಸಕ್ಕೆ ಹಣ ಪಡೆಯುವುದಿಲ್ಲ. ಚಿತ್ರದುರ್ಗಕ್ಕೆ ಬಂದ ಸಹಾಯಕರಿಗೆ ಬಸ್ ಚಾರ್ಜು ಕೊಡಲು ಹೋದರೂ ಬೇಡವೆಂದರು. ಹೊರಗಿನವರಿಗೆ ಕಾಗದ ತಯಾರಿಸಿಕೊಡಲು ಶುಲ್ಕವಿದೆ, ಅದನ್ನು ಗೋಡೆಯ ಮೇಲೆ ಬರೆದು ಹಾಕಿಲ್ಲ, ಮೊದಲೇ ಕೇಳಿ ಗೊತ್ತುಮಾಡಿಕೊಳ್ಳುವುದು ಕ್ಷೇಮ. ಫೋನಿಗೆ ರಾತ್ರಿಯಾದರೂ ಉತ್ತರಿಸುತ್ತಾರೆ, ವಾಟ್ಸ್ಆ್ಯಪ್ ಸಂದೇಶಕ್ಕೆ ಮಾತ್ರ ಮರುದಿನ ಮಧ್ಯಾಹ್ನ. ಕ್ಲೇಮಿನ ಸ್ಥಿತಿಗತಿಯನ್ನು ತಾವಾಗಿ ತಿಳಿಸುವ ರೂಢಿ ಅವರಿಗಿಲ್ಲ. ವಿಮಾ ಕಂಪನಿ ವಿಳಂಬ ಮಾಡಿದಾಗ ಅವರು ಶಾಖೆಯ ವ್ಯವಸ್ಥಾಪಕರಿಗೆ ಫೋನು ಮಾಡಿ ಗೋಗರೆಯುತ್ತಾರೆಯೇ ಹೊರತು ಲಿಖಿತ ದೂರಿನ ಮಾತೆತ್ತುವುದಿಲ್ಲ. ಕಂಪನಿಯಿಂದಲೇ ಕಮಿಷನ್ ಬರುವವರಿಗೆ ಅದು ಕಷ್ಟವೆಂಬುದು ಅರ್ಥವಾಗುವಂಥದ್ದೇ. ಗ್ರಾಹಕರಿಗೆ ಮಾತ್ರ ಆ ಮುಲಾಜು ಬೇಕಿಲ್ಲ: ಕಂಪನಿಯ ದೂರು ವಿಭಾಗ, ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್, ಅಲ್ಲಿಂದಾಚೆಗೆ ಬೆಂಗಳೂರಿನಲ್ಲಿರುವ, ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್. ಒಂಬುಡ್ಸ್‌ಮನ್ನರ ಮುಂದೆ ಹೋಗಲು ಶುಲ್ಕವೂ ಇಲ್ಲ, ವಕೀಲರೂ ಬೇಡ. ಆದರೆ ಆ ದಾರಿ ಸ್ವಂತ ಪಾಲಿಸಿಯ ತಕರಾರಿಗೆ. ಎದುರಿನ ಕಾರಿನ ವಿಮಾ ಕಂಪನಿಯ ವಿರುದ್ಧದ ಪರಿಹಾರಕ್ಕೆ ನ್ಯಾಯಮಂಡಳಿಯೇ ಗತಿ.

ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತೇನೆ. ಠಾಣೆಯಲ್ಲಿ ಮಾಡಿದ ಕೆಲಸವೊಂದನ್ನೇ ಪರಿಗಣಿಸಿದರೆ ಐದೂ ಸಲ್ಲುತ್ತಿತ್ತು. ಹೆದ್ದಾರಿಯಲ್ಲಿ ಆಗಾಗ ಓಡಾಡುವವರು, ವಿಶೇಷವಾಗಿ ಚಿತ್ರದುರ್ಗದ ಕೋಟೆಗೂ ಹಂಪಿಗೂ ಪ್ರವಾಸಿಗರ ಬಾಡಿಗೆ ಕಾರುಗಳು ಓಡುವ ಚಳಿಗಾಲದ ತಿಂಗಳುಗಳಲ್ಲಿ ಆ ದಾರಿ ಹಿಡಿಯುವವರು, ಇಂಥ ಏಜೆಂಟರೊಬ್ಬರ ಸಂಖ್ಯೆಯನ್ನು ಫೋನಿನಲ್ಲಿ ಇಟ್ಟುಕೊಂಡಿರಬಹುದು. ಆನ್‌ಲೈನಿನಲ್ಲಿ ಕಡಿಮೆ ಕಂತಿಗೆ ಪಾಲಿಸಿ ಕೊಂಡವರಿಗೆ ಈ ಕಚೇರಿ ಅಷ್ಟೇ ಉಪಯೋಗಕ್ಕೆ ಬರುತ್ತದೆಂದು ಹೇಳಲಾರೆ, ಏಕೆಂದರೆ ಅವರ ಓಡಾಟವೆಲ್ಲ ತಮ್ಮ ಗ್ರಾಹಕರಿಗೇ ಮೀಸಲು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ. ಹೋಗುವಾಗ ಆರ್‌ಸಿ, ಲೈಸೆನ್ಸ್, ಪಾಲಿಸಿ, ಎಫ್ಐಆರ್ ಪ್ರತಿಗಳ ಎರಡೆರಡು ನಕಲು ಒಯ್ಯಿರಿ, ಕಚೇರಿಯಲ್ಲಿ ಜೆರಾಕ್ಸ್ ಯಂತ್ರವಿಲ್ಲ. ಆಸ್ಪತ್ರೆಯ ಬಿಲ್ಲು ಮತ್ತು ಎಕ್ಸ್‌ರೇಗಳ ಮೂಲಪ್ರತಿಗಳನ್ನು ಮಾತ್ರ ಅವರ ಬಳಿ ಬಿಟ್ಟು ಬರಬೇಡಿ, ನ್ಯಾಯಮಂಡಳಿಗೆ ಅವೇ ಬೇಕಾಗುತ್ತವೆ.